ಚುಕ್ಕಿ ಹಾಕಿದ ಕೂಗು

ಮೊನ್ನೆ ಮಳೆ ಹೊಳವಾದ ಮೇಲೆ ಟ್ರಂಕಿನಲ್ಲಿದ್ದ ಕರಿ ಕಂಬಳಿಯನ್ನು ತಾರಸಿಗೆ ಒಯ್ದು ಬಿಸಿಲಿಗೆ ಹರವಿದೆ. ಕಂಬಳಿಯ ವಾಸನೆ ನಿಮಗೆ ಗೊತ್ತಿದ್ದರೆ ನಾನು ವಿವರಿಸಬೇಕಿಲ್ಲ. ಗೊತ್ತಿಲ್ಲದಿದ್ದರೆ ಎಷ್ಟು ವಿವರಿಸಿದರೂ ಅಷ್ಟೇ. ಕುರಿಯ ಮೈ, ಒಲೆಯ ಹೊಗೆ, ನೇಯುವಾಗ ನೂಲಿಗೆ ಹಚ್ಚುವ ಹುಣಸೆಬೀಜದ ಅಂಟು, ಇವೆಲ್ಲ ಸೇರಿ ಬಿಸಿಲು ಏರಿದ ಹಾಗೆ ಮೇಲೆದ್ದು ಬರುತ್ತವೆ. ನಮ್ಮ ಯಜಮಾನರು ಮೂಗು ಮುಚ್ಚಿಕೊಂಡು, "ಇದನ್ನ ಯಾರಿಗಾರ ಕೊಟ್ಟುಬಿಡಬಾರದಾ?" ಅಂದರು. ವರ್ಷಕ್ಕೊಮ್ಮೆ ಕೇಳುವ ಪ್ರಶ್ನೆ ಅದು. ವರ್ಷಕ್ಕೊಮ್ಮೆ ನಾನು ಕೇಳಿಸದವಳ ಹಾಗೆ ಇದ್ದುಬಿಡುತ್ತೇನೆ.

ಕಂಬಳಿ ನನ್ನದಲ್ಲ, ಹೊನ್ನಜ್ಜಿಯದು. ನನ್ನ ಅಜ್ಜನ ತಂಗಿ ಅವಳು. ಅವಳ ಬಗ್ಗೆಯೇ ಹೇಳಬೇಕೆಂದು ಕೂತಿದ್ದೇನೆ, ಆದರೆ ಅದಕ್ಕೆ ಮೊದಲು ಇಂಗ್ಲಿಷು, ಜರ್ಮನ್ನು, ಡಚ್ಚು ಅಂತ ಸ್ವಲ್ಪ ಸುತ್ತಾಡಿ ಬರಬೇಕಾಗುತ್ತದೆ. ಕೊಟ್ಟೂರಿನ ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ಹೇಳಿ ಕೂದಲು ಬೆಳ್ಳಗಾದವಳು ನಾನು. ನೆಟ್ಟಗೆ ವಿಷಯಕ್ಕೆ ಬರುವ ಅಭ್ಯಾಸ ಯಾವತ್ತೋ ತಪ್ಪಿಹೋಗಿದೆ. ಸ್ವಲ್ಪ ಸೈರಿಸಿಕೊಳ್ಳಿ.

ನಾನು ಹೇಳುವ ಪಾಠಗಳಲ್ಲಿ ಇಂಗ್ಲಿಷ್ ಭಾಷೆಯ ಚರಿತ್ರೆ ಅಂತ ಒಂದಿದೆ. ವಿದ್ಯಾರ್ಥಿಗಳು ಆ ತರಗತಿಯಲ್ಲಿ ಕಿಟಕಿಯ ಪಕ್ಕದ ಬೆಂಚಿಗೆ ಜಗಳಾಡುತ್ತಾರೆ. ನನಗೆ ಮಾತ್ರ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ಈಗ ಜರ್ಮನಿ, ಡೆನ್ಮಾರ್ಕ್ ಅನ್ನುವ ಸೀಮೆಯ ಕಡಲಂಚಿನಲ್ಲಿ ಬಹಳ ಹಿಂದೆ ಒಂದಿಷ್ಟು ಜನ ಇದ್ದರು, ಅವರಲ್ಲಿ ಕೆಲವರು ದೋಣಿ ಹತ್ತಿ ಬ್ರಿಟನ್ನಿಗೆ ಹೋದರು, ಕೆಲವರು ಅಲ್ಲೇ ಉಳಿದರು. ಹೋದವರ ಮಾತು ಇಂಗ್ಲಿಷ್ ಆಯಿತು, ಉಳಿದವರ ಮಾತು ಜರ್ಮನ್ ಆಯಿತು, ಡಚ್ ಆಯಿತು. ಎಲ್ಲಾ ಒಂದೇ ತಾಯಿಯ ಮಕ್ಕಳು, ಅಕ್ಕತಂಗಿಯರು. ಈ 'ಅಕ್ಕತಂಗಿಯರು' ಅನ್ನುವುದನ್ನು ನಾನು ಎಷ್ಟು ಸಲ ಹೇಳುತ್ತೇನೆಂದರೆ ಹುಡುಗರು ನನ್ನ ಬೆನ್ನ ಹಿಂದೆ 'ಅಕ್ಕತಂಗಿ ಮೇಡಂ' ಅನ್ನುತ್ತಾರೆ. ಅದು ನನಗೆ ಗೊತ್ತಿದೆ ಅನ್ನುವುದು ಅವರಿಗೂ ಗೊತ್ತಿದೆ.

ಕುರಿ ಕಾಯುವ ಮನೆಯಲ್ಲಿ ಹುಟ್ಟಿದವಳಾದ್ದರಿಂದ ನನ್ನ ಉದಾಹರಣೆಗಳೆಲ್ಲ ಕುರಿಯ ಸುತ್ತಲೇ ತಿರುಗುತ್ತವೆ. ಇಂಗ್ಲಿಷಿನವರು ಶೀಪ್ ಅಂದರೆ ಜರ್ಮನರು ಶಾಫ್ ಅನ್ನುತ್ತಾರೆ. ಇವರ ಉಣ್ಣೆ ವೂಲ್, ಅವರದು ವೊಲ್ಲೆ. ಇವರ ಮರಿ ಲ್ಯಾಂಬ್, ಅವರದು ಲಾಮ್. ಆಮೇಲೆ ಫ್ರೆಂಚ್ ಮಾತಾಡುವ ದೊರೆಗಳು ಬಂದು ಇಂಗ್ಲಿಷಿನ ಊಟದ ಮೇಜಿನ ಮೇಲೆಲ್ಲ ಫ್ರೆಂಚ್ ಹರವಿದರು. ಹಾಗಾಗಿಯೇ ಹಟ್ಟಿಯಲ್ಲಿ ನಿಂತಾಗ ಶೀಪ್ ಆದದ್ದು ತಟ್ಟೆಗೆ ಬಂದಾಗ ಮಟನ್ ಆಯಿತು. ಆ ಮಟನ್ ಅಲ್ಲಿಂದ ಹೊರಟು ನಮ್ಮ ಕೊಟ್ಟೂರಿನ ಅಂಗಡಿಗಳ ಬೋರ್ಡಿನವರೆಗೂ ಬಂದಿದೆ. ಆದರೆ ಹಟ್ಟಿಯ ಮಾತು, ಒಲೆಯ ಮಾತು, ಮಕ್ಕಳನ್ನು ಕರೆಯುವ ಮಾತು ಮಾತ್ರ ತಾಯಿ ಮನೆಯವೇ ಉಳಿದವು.

ನನಗೆ ಇಷ್ಟವಾಗುವ ಸಂಗತಿ ಇನ್ನೊಂದಿದೆ. ತಾಯಿಯಿಂದ ಬಂದದ್ದನ್ನು ಯಾವ ಮಗಳೂ ಪೂರ್ತಿ ಇಟ್ಟುಕೊಂಡಿಲ್ಲ. ನೀರಿಗೆ ಇಂಗ್ಲಿಷು ವಾಟರ್ ಅನ್ನುತ್ತದೆ, ಜರ್ಮನ್ನು ವಾಸರ್ ಅನ್ನುತ್ತದೆ. ಇಲ್ಲಿ ನಡುವಿನ ಹಳೆಯ ಟಕಾರವನ್ನು ಕಾಪಾಡಿದ್ದು ಇಂಗ್ಲಿಷು. ಮಂಡಿಗೆ ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೊಂದು ಕೆ ಇದೆ, ಬಾಯಲ್ಲಿಲ್ಲ, ಸುಮ್ಮನೆ ನೀ ಅನ್ನುತ್ತಾರೆ. ಜರ್ಮನರು ಇವತ್ತಿಗೂ ಕ್ನೀ ಅಂತ ಆ ಕೆಯನ್ನು ಉಸಿರಾಡಿಸುತ್ತಿದ್ದಾರೆ. ನಮ್ಮಲ್ಲೂ ನೋಡಿ, ನಾವು ಹಾಲು ಅನ್ನುವುದನ್ನು ಬಳ್ಳಾರಿ ಕಡೆಯ ತೆಲುಗರು ಪಾಲು ಅನ್ನುತ್ತಾರೆ, ಹಳಗನ್ನಡದ ಪುಸ್ತಕ ತೆಗೆದರೆ ನಮ್ಮವರೂ ಪಾಲ್ ಅಂದವರೇ. ಒಬ್ಬಳ ಹತ್ತಿರ ತಾಯಿಯ ಓಲೆ, ಇನ್ನೊಬ್ಬಳ ಹತ್ತಿರ ತಾಯಿಯ ಬಳೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ತಾಯಿ ಹೇಗಿದ್ದಳೆಂದು ಊಹಿಸಬಹುದು.

ಊಹಿಸಬಹುದು, ಅಷ್ಟೇ. ಯಾಕೆಂದರೆ ಆ ತಾಯಿ ಮಾತು ತನ್ನದೆಂದು ಒಂದು ಪುಟವನ್ನೂ ಬಿಟ್ಟುಹೋಗಿಲ್ಲ. ಪಂಡಿತರು ಮಕ್ಕಳ ಮಾತನ್ನು ಹೋಲಿಸಿ ಹೋಲಿಸಿ ಅವಳ ಶಬ್ದಗಳನ್ನು ಕಟ್ಟಿದ್ದಾರೆ. ಹಾಗೆ ಕಟ್ಟಿದ ಪ್ರತಿ ಶಬ್ದದ ಮುಂದೆಯೂ ಒಂದು ಪುಟ್ಟ ಚುಕ್ಕಿ ಹಾಕುತ್ತಾರೆ, ಆಕಾಶದ ಚುಕ್ಕಿಯ ಹಾಗಿರುವ ಗುರುತು. ಅದರ ಅರ್ಥ, ಇದನ್ನು ಯಾರೂ ಕೇಳಿಲ್ಲ, ಇದು ನಮ್ಮ ಲೆಕ್ಕಾಚಾರ ಮಾತ್ರ. ಬೋರ್ಡಿನ ಮೇಲೆ ಆ ಚುಕ್ಕಿ ಬರೆಯುವಾಗ ನನಗೆ ಮೊದಲೆಲ್ಲ ಏನೂ ಅನ್ನಿಸುತ್ತಿರಲಿಲ್ಲ.

ಮೊದಲ ಸಲ ಸಣ್ಣಗೆ ನಡುಕ ಬಂದದ್ದು ಬಾಗಳಿಯಲ್ಲಿ. ವಿದ್ಯಾರ್ಥಿಗಳನ್ನು ಕಲ್ಲೇಶ್ವರ ಗುಡಿ ನೋಡಲು ಕರೆದೊಯ್ದಿದ್ದೆ. ಮಧ್ಯಾಹ್ನ, ಒಳಗೆ ತಂಪು, ಕಂಬಗಳ ನಡುವೆ ಮಬ್ಬು. ಒಂದು ಕಂಬದ ಹಿಂದಿನಿಂದ ಹೆಂಗಸಿನ ದನಿ ಕೇಳಿಸಿತು. ಇಂಗ್ಲಿಷು. ಅದೇ ಏರಿಳಿತ, ಅದೇ ಗಂಟಲು, ವಾಕ್ಯ ಮುಗಿಯುವ ರೀತಿಯೂ ಅದೇ. ಆದರೆ ಒಂದೇ ಒಂದು ಮಾತೂ ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ವಿದ್ಯಾರ್ಥಿನಿ, "ಮೇಡಂ, ಅವರ ಇಂಗ್ಲಿಷ್ ಗೊತ್ತಾಗವಲ್ದು" ಅಂದಳು. ನಾನು ಕಂಬ ಹಿಡಿದು ನಿಂತುಬಿಟ್ಟೆ. ಇಷ್ಟು ವರ್ಷ ನನಗೆ ಅನ್ನ ಹಾಕಿದ ಭಾಷೆ ಹೇಳದೆ ಕೇಳದೆ ತಲೆಯಿಂದ ಇಳಿದುಹೋಯಿತು, ಇನ್ನು ಕನ್ನಡವೂ ಹೋಗುತ್ತದೆ ಅಂತ ಭಯವಾಯಿತು. ಆಮೇಲೆ ಆ ಹೆಂಗಸು ಗಂಡನ ಜೊತೆ ಬೆಳಕಿಗೆ ಬಂದಳು. ಕೇಳಿದರೆ ಹಾಲೆಂಡಿನವರು, ಮಾತಾಡುತ್ತಿದ್ದದ್ದು ಡಚ್. ನಾನು ನಕ್ಕೆ. ಆದರೆ ಪರಿಚಯದವರು ಬೆನ್ನು ತಿರುಗಿಸಿ ನಿಂತಿದ್ದಾರೆಂದು ಹತ್ತಿರ ಹೋದಾಗ ಬೇರೆ ಮುಖ ಕಂಡರೆ ಆಗುವ ಹಾಗೆ, ಬಸ್ಸು ಹತ್ತುವವರೆಗೂ ಮನಸ್ಸು ಸ್ಥಿಮಿತಕ್ಕೆ ಬರಲಿಲ್ಲ.

ಈಗ ಹೊನ್ನಜ್ಜಿಗೆ ಬರುತ್ತೇನೆ. ನಮ್ಮದು ಕೂಡ್ಲಿಗಿ ಕಡೆಯ ಗುಡ್ಡದ ಬುಡದ ಹಳ್ಳಿ. ಹೊನ್ನಜ್ಜಿಗೆ ಇಬ್ಬರು ಅಣ್ಣಂದಿರು. ದೊಡ್ಡಣ್ಣ ನನ್ನ ಅಜ್ಜ, ಊರಲ್ಲೇ ಉಳಿದ. ಸಣ್ಣಣ್ಣ ಪಾಲಿಗೆ ಬಂದ ಕುರಿ ಹೊಡೆದುಕೊಂಡು ಹರಪನಹಳ್ಳಿ ಸೀಮೆಗೆ, ಇದೇ ಬಾಗಳಿಯ ಹತ್ತಿರದ ಒಂದು ಹಳ್ಳಿಗೆ ಹೋದ. ಇವಳನ್ನು ಉಜ್ಜಿನಿಗೆ ಕೊಟ್ಟಿದ್ದರು. ಗಂಡ ಹೋಗಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ವಯಸ್ಸಾಗಿ ಮರೆವು ಹತ್ತಿದಾಗ ನಾನು ಕೊಟ್ಟೂರಿಗೆ ಕರೆತಂದೆ. ಕೆಲವು ವರ್ಷಗಳ ಹಿಂದಿನ ಮಾತು ಇದು. ಬಂದವಳು ನಮ್ಮ ಮನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಚೆನ್ನಾಗಿರುತ್ತಿದ್ದಳು. ಎಲೆ ಅಡಿಕೆ ಕುಟ್ಟುತ್ತಿದ್ದಳು, ನಮ್ಮ ಯಜಮಾನರನ್ನು ಅವರು ಕೆಲಸಕ್ಕಿದ್ದ ಬಸ್ ಡಿಪೋದ ಹಳೇ ಕಥೆ ಕೇಳಿ ನಗಿಸುತ್ತಿದ್ದಳು. ಹೊತ್ತು ಇಳಿಯುತ್ತಿದ್ದ ಹಾಗೆ ಬೇರೆಯೇ ಆಗುತ್ತಿದ್ದಳು. ಕಂಬಳಿ ಹೊದ್ದು ಗೇಟು ದಾಟಿ ಬೇವಿನ ಗಿಡದ ಕೆಳಗೆ, ಖಾಲಿ ನಿವೇಶನಗಳ ಕಡೆ ಮುಖ ಮಾಡಿ ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ.

"ಒಳಗ ಬಾ ಅಜ್ಜಿ, ಥಂಡಿ ಬಿದ್ದೈತಿ."

"ಅವ್ವ ಕರದಿಲ್ಲ ಇನ್ನ."

ಮೊದಲ ದಿನ ನಾನು ಹತ್ತಿರ ಹೋಗಿ, ಮಕ್ಕಳನ್ನು ರಮಿಸುವ ಹಾಗೆ, "ಹೊನ್ನವ್ವ, ಬಾರಬೇ" ಅಂದೆ. ಅವಳು ಎರಡೂ ಕಿವಿ ಮುಚ್ಚಿಕೊಂಡು ಹಿಂದಕ್ಕೆ ಸರಿದಳು.

"ಹೆಸರಿಡಿದು ಕರೀಬ್ಯಾಡ. ಹೆಸರಿಡಿದು ಕರಿಯೋರು ಮನಿಯೋರಲ್ಲ."

ಅದು ನಮ್ಮ ಮನೆತನದ ಕಟ್ಟುಪಾಡು. ಅಪ್ಪ ಹೇಳಿದ್ದು ಆಗ ನೆನಪಾಯಿತು. ಕುರಿಮರಿ ಮೇಯಿಸಲು ಹೋದ ಮಕ್ಕಳು ದೀಪ ಹಚ್ಚುವ ಹೊತ್ತಿಗೆ ತಾವಾಗಿಯೇ ಹಟ್ಟಿಗೆ ಬರುವ ಹಾಗಿಲ್ಲ, ಹೆಸರು ಹಿಡಿದು ಯಾರು ಕರೆದರೂ ಬರುವ ಹಾಗಿಲ್ಲ. ಹೆಸರೆಂದರೆ ಯಾರ ಕಿವಿಗಾದರೂ ಬಿದ್ದಿರುತ್ತದೆ, ಮುಚ್ಚಂಜೆಯಲ್ಲಿ ಅದನ್ನು ಹಿಡಿದು ಯಾರು ಬೇಕಾದರೂ, ಏನು ಬೇಕಾದರೂ ಕರೆಯಬಹುದು. ಅದಕ್ಕೇ ಮನೆಗೊಂದು ಕೂಗು. ಅದರಲ್ಲಿ ಮಾತಿಲ್ಲ, ಬರೀ ಸ್ವರ. ಕುರಿಗೂ ಅದೇ, ಮಕ್ಕಳಿಗೂ ಅದೇ. ತಾಯಿ ಹಟ್ಟಿಯ ಮುಂದೆ ನಿಂತು ಅದನ್ನು ಎತ್ತಿದಾಗ ಮಾತ್ರ ಮರಿಗಳ ಜೊತೆ ಮಕ್ಕಳು ಮನೆಗೆ ಬರಬೇಕು. ಹೊನ್ನಜ್ಜಿಯ ಅವ್ವ ಸತ್ತಾಗ ಹೊನ್ನಜ್ಜಿ ಇನ್ನೂ ಪರಕಾರ ಉಡುವ ಹುಡುಗಿ. ಆ ಅವ್ವನ ಒಂದು ಫೋಟೋ ಇಲ್ಲ. ಮಣ್ಣು ಮಾಡಿದ ಜಾಗಕ್ಕೆ ಕಲ್ಲಿಲ್ಲ. ನಮ್ಮ ಮನೆಯಲ್ಲಿ ಅವಳ ಹೆಸರು ಹೇಳಬಲ್ಲವರೂ ಉಳಿದಿರಲಿಲ್ಲ. ಹೊನ್ನಜ್ಜಿಯನ್ನು ಕೇಳಿದರೆ, "ಅವ್ವಗ ಎಂಥ ಹೆಸರು?" ಅನ್ನುತ್ತಿದ್ದಳು.

ಮಾಗಿ ಬಂತು. ಚಳಿಯಲ್ಲಿ ನಿಂತು ನಿಂತು ಅವಳಿಗೆ ಎದೆ ಕಟ್ಟಿತು. ಒಂದು ಸಂಜೆ ನಾವು ನೋಡದಾಗ ಕೂಡ್ಲಿಗಿ ರಸ್ತೆ ಹಿಡಿದು ಹೋಗಿಬಿಟ್ಟಿದ್ದಳು. ಲಾರಿಗಳ ಬೆಳಕಿನಲ್ಲಿ ಕಂಬಳಿ ಗುರುತು ಹಿಡಿದು ಯಜಮಾನರು ಕರೆತಂದರು. ಡಾಕ್ಟರು, "ಸಂಜೆ ಹೊರಗ ಬಿಡಬ್ಯಾಡ್ರಿ, ಈ ಸಲ ಉಳಿಯೋದು ಕಷ್ಟ ಐತಿ" ಅಂದರು. ಅವತ್ತು ಸಂಜೆ ನಾವಿಬ್ಬರೂ ಸೇರಿ ಬೇವಿನ ಗಿಡದ ಕೆಳಗಿನಿಂದ ಎತ್ತಿಕೊಂಡು ಬಂದು ಮಲಗಿಸಿದೆವು. ಅವಳು ಬಾಗಿಲ ಕಡೆ ನೋಡುತ್ತಾ, "ಮರಿ ಹೊರಗ ಅದಾವ, ನಾ ಒಳಗ ಅದೀನಿ" ಅಂತ ಅತ್ತಳು. ಆಮೇಲೆ ಅನ್ನ ಮುಟ್ಟಲಿಲ್ಲ. ಹೊರಗೆ ಬಿಟ್ಟರೆ ಚಳಿಗೆ ಸಾಯುತ್ತಾಳೆ, ಒಳಗೆ ಕೂಡಿಹಾಕಿದರೆ ಹಸಿದು ಸಾಯುತ್ತಾಳೆ. ನನಗೆ ಅಪ್ಪ ಇರಲಿಲ್ಲ, ಅಮ್ಮ ಇರಲಿಲ್ಲ. ಹಳೇ ಮನೆಯ ವಾಸನೆ ಇದ್ದದ್ದು ಇವಳೊಬ್ಬಳಲ್ಲಿ. ಇವಳನ್ನು ಕಳೆದುಕೊಳ್ಳಲು ನನಗೆ ಸುತರಾಂ ಮನಸ್ಸಿರಲಿಲ್ಲ.

ಮಾರನೇ ದಿನ ಹೊತ್ತು ಮುಳುಗುವಾಗ ಅವಳನ್ನು ಬೇವಿನ ಗಿಡದ ಕೆಳಗೆ ಬಿಟ್ಟು ನಾನು ತಾರಸಿ ಹತ್ತಿದೆ. ಅಪ್ಪ ಕುರಿ ಕೂಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ತಳದಿಂದ ಎದ್ದು ಬರುವ ಉದ್ದನೆಯ ಹೋ, ಆಮೇಲೆ ಗಂಟಲಲ್ಲಿ ಒಂದು ಒಡಕು, ಅಲ್ಲಿಗೆ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಸೆಮಿನಾರುಗಳಲ್ಲಿ ಮೈಕು ಹಿಡಿದು ಅಭ್ಯಾಸವಿದ್ದ ನಾನು ನಾಚಿಕೆ ಬಿಟ್ಟು ಅದನ್ನು ಎತ್ತಿದೆ. ಓಣಿಯ ನಾಯಿಗಳೆಲ್ಲ ಬೊಗಳಿದವು. ಹೊನ್ನಜ್ಜಿ ಥಟ್ಟನೆ ತಿರುಗಿದಳು, ಒಂದು ಹೆಜ್ಜೆ ಇಟ್ಟಳು, ನಿಂತಳು.

"ದೊಡ್ಡಣ್ಣ ಯಾಕ ಕೂಗಾಕ ಹತ್ಯಾನ? ಅವ್ವ ಎಲ್ಲಿ?"

ನನ್ನ ಮೈಮೇಲಿನ ಕೂದಲು ನಿಂತವು. ದೊಡ್ಡಣ್ಣ ಅಂದರೆ ನನ್ನ ಅಜ್ಜ. ಅವನ ದನಿ ನಾನು ಕೇಳಿಯೇ ಇಲ್ಲ, ನಾನು ಹುಟ್ಟುವ ಮೊದಲೇ ಹೋದವನು. ಅಪ್ಪನ ಬಾಯಿಂದ ನನ್ನ ಬಾಯಿಗೆ ಬಂದ ಕೂಗಿನಲ್ಲಿ ಅವಳು ಅವನನ್ನು ಗುರುತು ಹಿಡಿದಿದ್ದಳು. ಹೆದರಿಕೆಯ ಜೊತೆಗೇ, ಸುಳ್ಳು ಯಾಕೆ ಹೇಳಲಿ, ನನ್ನೊಳಗಿನ ಅಕ್ಕತಂಗಿ ಮೇಡಂ ಎದ್ದು ಕೂತಳು. ಇದು ಒಬ್ಬ ಮಗ ಇಟ್ಟುಕೊಂಡ ಪಾಲು. ಹಾಗಾದರೆ ಇನ್ನೊಬ್ಬ ಮಗನ ಪಾಲು ಬಾಗಳಿ ಕಡೆ ಇರಬೇಕು.

ಸಣ್ಣಣ್ಣನ ಮಗ ಹಾಲಪ್ಪ, ನನಗೆ ಚಿಕ್ಕಪ್ಪನಾಗಬೇಕು. ಹಿಂಡು ಪಾಲಾದಾಗಿನಿಂದ ಎರಡು ಮನೆಗೂ ಹೋಗಿಬರುವುದು ನಿಂತಿತ್ತು. ನಾನು ಕಾಲೇಜಿಗೆ ರಜೆ ಹಾಕಿ ಬಸ್ಸು ಬದಲಿಸಿ ಅವನ ಹೊಲ ಹುಡುಕಿಕೊಂಡು ಹೋದೆ. ಎರೆಭೂಮಿ, ಕಣ್ಣು ಹಾಯುವಷ್ಟು ದೂರ ಬಯಲು. ಹಾಲಪ್ಪ ಚಿಕ್ಕಪ್ಪ ಕುರಿ ತರುಬಿ ಬದುವಿನ ಮೇಲೆ ಕೂತಿದ್ದ.

"ಬಾರವ್ವ, ಈಗ ದಾರಿ ಗೊತ್ತಾತಾ?" ಅಂದ. ನಾನು ಬಂದ ಕೆಲಸ ಹೇಳಿದಾಗ ಹೊಟ್ಟೆ ತುಂಬ ನಕ್ಕ. "ಕುರಿ ಕೂಗು ಕಲಿಯಾಕೆ ಕಾಲೇಜು ಮೇಡಂ ಬಂದಾರೆ ಅಂದ್ರೆ ಊರಾಗೆ ನಂಬಲ್ಲ. ಮೊದ್ಲು ನಿಮ್ಮಪ್ಪಂದು ಕೂಗು, ಕೇಳಾಣ."

ನಾನು ಕೂಗಿದೆ. ಮೇಯುತ್ತಿದ್ದ ಹಿಂಡು ಒಮ್ಮೆಗೇ ತಲೆ ಎತ್ತಿತು. ಯಾವ ಕುರಿಯೂ ನನ್ನ ಕಡೆ ಬರಲಿಲ್ಲ. ಯಾವುದೂ ಮೇವಿಗೆ ಬಾಯಿ ಹಾಕಲೂ ಇಲ್ಲ. ಅರ್ಧ ತಿಳಿದು ಅರ್ಧ ತಿಳಿಯದೆ ಎಲ್ಲವೂ ನನ್ನನ್ನೇ ನೋಡುತ್ತಾ ನಿಂತವು. ಗುಡಿಯ ಕಂಬದ ಹತ್ತಿರ ನಾನು ಹೀಗೆಯೇ ನಿಂತಿದ್ದೆ ಅನ್ನಿಸಿತು. ಹಾಲಪ್ಪ ಚಿಕ್ಕಪ್ಪನ ನಗು ನಿಂತಿತ್ತು. ಅವನು ಎದ್ದು ತನ್ನದನ್ನು ಕೂಗಿದ. ಅದಕ್ಕೆ ಮೊದಲ ಹೋ ಇರಲಿಲ್ಲ. ಒಡಕಿನಿಂದಲೇ ಶುರುವಾಗಿ, ಉದ್ದಕ್ಕೆ ಎಳೆದು ಎಳೆದು, ಬಯಲಿನ ಮೇಲೆ ನಿಧಾನ ಇಳಿದು ಮುಗಿಯಿತು. ಹಿಂಡು ಅವನ ಕಾಲಬುಡಕ್ಕೆ ಬಂದು ನಿಂತಿತು.

"ಹಿಂಡು ಒಡೆದಾಗ ಕೂಗೂ ಒಡೆದ್ರು" ಅಂದ ಅವನು. "ಇಬ್ರೂ ಒಂದೇ ಕೂಗಿದ್ರೆ ಕುರಿ ಯಾರ ಹಿಂದೆ ಹೋಗ್ಬೇಕು? ಅಣ್ಣ ತಲೆ ಇಟ್ಕಂಡ, ತಮ್ಮ ಬಾಲ ಇಟ್ಕಂಡ. ಹೊಲದ ಆ ಕಡೆ ಒಬ್ಬ ಈ ಕಡೆ ಒಬ್ಬ ನಿಂತು ಕೂಗಿ, ಯಾರ ಕಡೆ ಬಂದ್ವೋ ಅವು ಅವರವು ಅಂತ ಮಾಡಿದ್ರಂತೆ."

"ಎರಡೂ ಕೂಡಿಸಿದರ ಹೊನ್ನಜ್ಜಿ ಅವ್ವನ ಕೂಗು ಆಕ್ಕೈತಲ್ಲ ಚಿಗಪ್ಪ?"

ಅವನು ಕಾಲಬುಡದಲ್ಲಿದ್ದ ಕುರಿಗಳನ್ನು ಕೈಬೀಸಿ ಮೇವಿಗೆ ಅಟ್ಟಿದ. ಆಮೇಲೆ, "ಕೂಡಿಸಿ ಯಾರೂ ಕೂಗಿಲ್ಲ. ನಮ್ಮಪ್ಪ ಬ್ಯಾಡ ಅಂದಿದ್ದ. ಆಯಮ್ಮಂದು ಆಯಮ್ಮನ ಜೊತೆ ಹೋತು, ಅದನ್ನ ಕೂಗಿದ್ರೆ ಬರಬಾರದವ್ರು ಬಂದಾರು ಅಂದಿದ್ದ" ಅಂದ. ಅಷ್ಟು ಹೇಳಿ ನನಗೆ ಚಹಾ ಕುಡಿಸಲು ಮನೆಗೆ ಕರೆದೊಯ್ದ. ಕೂಗಿನ ಮಾತು ಮತ್ತೆ ತೆಗೆಯಲಿಲ್ಲ.

ನಾನು ಓದಿದವಳು, ಇಂಥದಕ್ಕೆಲ್ಲ ಹೆದರುವವಳಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಅಷ್ಟು ಸಲ ಹೇಳಿಕೊಳ್ಳಬೇಕಾಯಿತು ಎಂದರೆ ನಿಮಗೆ ಅರ್ಥವಾಗಿರಬಹುದು. ಮನೆಯಲ್ಲಿ ಬಚ್ಚಲ ಬಾಗಿಲು ಹಾಕಿಕೊಂಡು ಸಣ್ಣ ದನಿಯಲ್ಲಿ ಕೂಡಿಸಿ ನೋಡಿದೆ. ಅಪ್ಪನ ಹೋ, ಇಬ್ಬರಲ್ಲೂ ಇದ್ದ ಒಡಕು, ಚಿಕ್ಕಪ್ಪನ ಎಳೆತ. ಹೆಂಗಸಿನ ಗಂಟಲೆಂದು ಸ್ವಲ್ಪ ಏರಿಸಿದೆ. ಯಜಮಾನರು ಹೊರಗಿನಿಂದ, "ಕುರಿ ಕೊಳ್ಳೋ ವಿಚಾರ ಐತೇನು?" ಅಂದರು. ನಕ್ಕೆ. ಒಳಗೊಳಗೆ ಮಾತ್ರ, ಚುಕ್ಕಿ ಹಾಕಿದ ಒಂದು ಶಬ್ದ ನನ್ನ ಬಾಯಲ್ಲಿ ಬೆಚ್ಚಗೆ ಕೂತಿದೆ ಅನ್ನಿಸುತ್ತಿತ್ತು.

ಆ ಸಂಜೆ ಮತ್ತೆ ತಾರಸಿ ಹತ್ತಿದೆ. ಬೇವಿನ ಗಿಡದ ಕೆಳಗೆ ಕರಿ ಕಂಬಳಿ, ಅದರ ಮೇಲೊಂದು ಬಿಳೀ ತಲೆ. ಕೂಗಿದೆ. ಈ ಸಲ ನಾಯಿಗಳು ಬೊಗಳಲಿಲ್ಲ. ಕೂಗು ಮುಗಿಯುವ ಮೊದಲೇ ಕೆಳಗಿನಿಂದ ಉತ್ತರ ಬಂತು.

"ಬಂದ್ನಬೇ ಯವ್ವ."

ಅದು ಮುದುಕಿಯ ದನಿಯಲ್ಲ. ನಾನು ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವಳು ಗೇಟು ದಾಟಿ, ನಲ್ಲಿಯ ಕೆಳಗೆ ಕಾಲು ತೊಳೆದುಕೊಂಡು, ಚುರುಕಾಗಿ ಒಳಗೆ ಬರುತ್ತಿದ್ದಳು. ನನ್ನ ಎದುರಿಗೇ ನಿಂತಳು, ಆದರೆ ನನ್ನನ್ನು ನೋಡಲಿಲ್ಲ. ನನ್ನ ಹೆಗಲಿನ ಮೇಲಿಂದ, ಯಾರೋ ನನಗಿಂತ ಎತ್ತರದವಳನ್ನು ನೋಡುವ ಹಾಗೆ ನೋಡಿ ಕೇಳಿದಳು.

"ಗಂಟ್ಲು ಕಟ್ಟೈತೇನಬೇ ನಿಂದು?"

ಅವತ್ತು ಅವಳು ರೊಟ್ಟಿ, ಪುಂಡಿಪಲ್ಯ ಹೊಟ್ಟೆ ತುಂಬ ಉಂಡಳು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಆ ಮಾಗಿಯೆಲ್ಲ ಹೀಗೇ ನಡೆಯಿತು. ದಿನವೂ ಹೊತ್ತು ಇಳಿದಾಗ ಅವಳು ಹೋಗಿ ನಿಲ್ಲುವುದು, ನಾನು ಕಾಯಿಸದೆ ಕೂಗುವುದು, ಅವಳು ಬರುವುದು. ಎದೆಯ ಕಫ ಇಳಿಯಿತು, ಮುಖಕ್ಕೆ ಕಳೆ ಬಂತು. ನನಗೆ ಒಂದು ಬಗೆಯ ಜಂಬವೂ ಬಂದಿತ್ತು. ಜರ್ಮನ್ನು, ಇಂಗ್ಲಿಷು ಹೋಲಿಸಿ ತಾಯಿ ಮಾತು ಕಟ್ಟಿದ ಯಾವ ದೊಡ್ಡ ಪಂಡಿತನಿಗೂ ಈ ಭಾಗ್ಯ ಸಿಕ್ಕಿರಲಿಲ್ಲ. ಅವರು ಕಟ್ಟಿದ್ದನ್ನು ಕೇಳಿ ಹೌದು ಅನ್ನಲು ಆ ತಾಯಿಯ ಮಕ್ಕಳು ಯಾರೂ ಬದುಕಿರಲಿಲ್ಲ. ನನ್ನದಕ್ಕೆ ದಿನವೂ ಓ ಅನ್ನುವವಳಿದ್ದಳು. ಆದರೆ ದಿನವೂ ಅವಳು ಅದೇ ಪ್ರಶ್ನೆ ಕೇಳುತ್ತಿದ್ದಳು, ಗಂಟಲು ಕಟ್ಟಿದೆಯಾ ಅಂತ. ಎಲ್ಲೋ ಕೂದಲೆಳೆಯಷ್ಟು ತಪ್ಪಿದೆ ಎಂದು ಅದರ ಅರ್ಥ. ಏರಿಸಿ ನೋಡಿದೆ, ಇಳಿಸಿ ನೋಡಿದೆ, ಒಡಕನ್ನು ಮೆತ್ತಗೆ ಮಾಡಿದೆ. "ಶುಂಠಿ ಕಷಾಯ ಕುಡಿಯಬೇ" ಅನ್ನುತ್ತಿದ್ದಳು. ಕುಡಿದೂ ನೋಡಿದೆ, ನಗಬೇಡಿ.

ಒಂದು ದಿನ ಯಜಮಾನರು, "ನೀ ಕೂಗೋ ಹೊತ್ನ್ಯಾಗ ನಾ ಬಜಾರಕ್ಕ ಹೋಗಿ ಬರ್ತೀನಿ" ಅಂದರು.

"ಯಾಕ್ರಿ?"

"ಅದು ನಿನ್ನ ಸೊಲ್ಲಲ್ಲ."

ಅವರು ಹೆದರುವ ಮನುಷ್ಯರಲ್ಲ. ಆಮೇಲಿನಿಂದ ಕೂಗುವ ಮುಂಚೆ ನನಗೊಂದು ಯೋಚನೆ ಬರತೊಡಗಿತು. ಮುಚ್ಚಂಜೆಯಲ್ಲಿ, ಮನೆಯವರಲ್ಲದ ಯಾರೋ ಮನೆಯವರ ಹಾಗೆ ಕರೆಯುತ್ತಾರೆ, ಮಕ್ಕಳು ಹುಷಾರಾಗಿರಬೇಕು ಎಂದು ನಮ್ಮ ಹಿರಿಯರು ಕಟ್ಟುಪಾಡು ಮಾಡಿದ್ದರಲ್ಲ, ಆ ಯಾರೋ ಈಗ ನಾನೇ ಆಗಿದ್ದೆ. ಸತ್ತವಳ ಕೂಗು ಎತ್ತಿ, ಅವಳ ಮಗಳನ್ನು ಕತ್ತಲಿಗೆ ಸ್ವಲ್ಪ ಮೊದಲು ನನ್ನ ಮನೆಯೊಳಗೆ ಕರೆದುಕೊಳ್ಳುತ್ತಿದ್ದೆ. ಪ್ರೀತಿಗಾಗಿ ಮಾಡಿದ್ದು ನಿಜ. ಪ್ರೀತಿಗಾಗಿ ಮಾಡಿದರೂ ದನಿ ನನ್ನದಾಗಿರಲಿಲ್ಲ.

ಬೇಸಿಗೆ ಹತ್ತಿರ ಬಂದಾಗ ಅವಳ ಕಾಲು ಸೋತವು. ಹೊರಗೆ ಹೋಗುವುದು ನಿಂತಿತು. ಒಳಗಿನ ಕೋಣೆಯಲ್ಲಿ ಕಂಬಳಿಯ ಮೇಲೆ ಮಲಗಿರುತ್ತಿದ್ದಳು. ಒಳಗಿರುವವಳನ್ನು ಒಳಗೆ ಕರೆಯುವುದೇನಿದೆ ಎಂದು ನಾನೂ ಕೂಗುವುದನ್ನು ನಿಲ್ಲಿಸಿದ್ದೆ. ಒಂದು ಸಂಜೆ, ಕಿಟಕಿಯಲ್ಲಿ ಇನ್ನೂ ಬೆಳಕಿತ್ತು, ನಾನು ಅಡುಗೆಮನೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಪಕ್ಕದ ಮನೆಯ ಕುಕ್ಕರು ಸೀಟಿ ಹಾಕಿತು. ಹಾಲಿನವನ ಬೈಕು ಹೋಯಿತು. ಬೇರೆ ಏನೂ ನನಗೆ ಕೇಳಲಿಲ್ಲ. ಕೋಣೆಯೊಳಗಿನಿಂದ ಹೊನ್ನಜ್ಜಿಯ ದನಿ ಬಂತು.

"ಬಂದ್ನಬೇ ಯವ್ವ."

ಮೊರ ಇಟ್ಟು ಓಡಿದೆ. ಅವಳು ಮೊಣಕೈ ಊರಿ ಅರ್ಧ ಎದ್ದು ಕೂತಿದ್ದಳು.

"ನಾ ಕರದಿಲ್ಲಲ್ಲ ಅಜ್ಜಿ."

ಅವಳು ಅಷ್ಟು ಸಂಜೆಗಳಲ್ಲಿ ಮೊದಲ ಸಲ ನನ್ನ ಮುಖವನ್ನೇ ನೆಟ್ಟಗೆ ನೋಡಿದಳು. ನಾನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮನೆಯವರೊಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವ ಹಾಗೆ ಸಮಾಧಾನವಾಗಿ ಹೇಳಿದಳು.

"ಇವತ್ತು ಗಂಟ್ಲು ಬಿಟ್ಟೈತಿ ನೋಡು."

ನಾನು ಅವಳನ್ನು ಮೆಲ್ಲಗೆ ಮಲಗಿಸಿ, ಕಂಬಳಿ ಹೊದಿಸಿ, ದೇವರ ಮುಂದೆ ದೀಪ ಹಚ್ಚಿ ಬರಲು ಹೋದೆ. ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಮುಖದಲ್ಲಿ ಯಾವ ಕಾತರವೂ ಇರಲಿಲ್ಲ.

ಈಗಲೂ ತರಗತಿಯಲ್ಲಿ ಆ ಪಾಠ ಬರುತ್ತದೆ. ಶೀಪ್ ಬರೆಯುತ್ತೇನೆ, ಶಾಫ್ ಬರೆಯುತ್ತೇನೆ, ಅವೆರಡರ ಮೇಲೆ ತಾಯಿಯ ಶಬ್ದ ಬರೆದು ಮುಂದೆ ಚುಕ್ಕಿ ಹಾಕುತ್ತೇನೆ. ಹೋದ ವಾರ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಹುಡುಗಿ, "ಯಾರೂ ಕೇಳಿಲ್ಲ ಅಂದ್ರ, ಸರಿ ಐತಿ ಅಂತ ಹೆಂಗ ಗೊತ್ತಾಕ್ಕೈತ್ರಿ ಮೇಡಂ?" ಅಂದಳು. ಹಿಂದೆಲ್ಲ ಇದಕ್ಕೆ ಒಂದು ಗಂಟೆ ಉತ್ತರ ಕೊಡುತ್ತಿದ್ದೆ, ಧ್ವನಿ ಹೀಗೆ ಬದಲಾಗುತ್ತದೆ, ಅದಕ್ಕೆ ಹೀಗೆ ನಿಯಮವಿದೆ ಅಂತ. ಈ ಸಲ, "ಹತ್ತಿರ ಹೋಗಬಹುದು, ಅಷ್ಟೇ" ಅಂದೆ. ಬೋರ್ಡು ಒರೆಸುವಾಗ ಆ ಚುಕ್ಕಿಯನ್ನು ಕೊನೆಗೆ ಒರೆಸಿದೆ.

ಹಾಲಪ್ಪ ಚಿಕ್ಕಪ್ಪನೂ ಈಗಿಲ್ಲ. ಅವನ ಹಿಂಡನ್ನು ಮಾರಿದರಂತೆ. ಎರಡು ತುಂಡನ್ನೂ ಕೂಡಿಸಿ ಬಲ್ಲವಳು ನಾನೊಬ್ಬಳೇ. ಅದೂ ಗಂಟಲು ಕಟ್ಟಿದ್ದು. ಆ ಸಂಜೆಯ ಮೇಲೆ ನಾನು ಒಂದು ಸಲವೂ ಕೂಗಿಲ್ಲ. ತಪ್ಪಿದ್ದೆಲ್ಲಿ ಎಂದು ಹೇಳಬಲ್ಲವಳು ಸರಿಯಾದದ್ದನ್ನೇ ಕೇಳಿ, ಒಪ್ಪಿ, ಹೊರಟುಹೋದಳು.

ಮೊನ್ನೆ ಕಂಬಳಿ ತರಲು ತಾರಸಿ ಹತ್ತಿದಾಗ ಹೊತ್ತು ಇಳಿದಿತ್ತು. ಬಿಸಿಲು ಕುಡಿದ ಉಣ್ಣೆ ಇನ್ನೂ ಬೆಚ್ಚಗಿತ್ತು. ಮಡಿಸಬೇಕೆಂದು ಎತ್ತಿಕೊಂಡವಳು ಯಾಕೋ ಮಡಿಸದೆ ಹೊದ್ದುಕೊಂಡೆ, ಬೇವಿನ ಗಿಡದ ಆಚೆಗಿನ ಬಯಲಿನ ಕಡೆ ಮುಖ ಮಾಡಿ ನಿಂತೆ. ಕೆಳಗಿನಿಂದ ಯಜಮಾನರು ನನ್ನ ಹೆಸರು ಹಿಡಿದು ಕರೆದರು. ಚಹಾ ಆರುತ್ತದೆ, ಇಳಿದು ಬಾ ಅಂದರು. ಇನ್ನೊಮ್ಮೆ ಕರೆದರು. ಇಷ್ಟು ವರ್ಷ ಜೊತೆಗೆ ಬಾಳಿದ ದನಿ ಅದು, ನನಗೆ ಗೊತ್ತು. 'ಬಂದೆ' ಅನ್ನಲು ಬಾಯಿ ತೆರೆದೆ. ಆದರೆ ಕಿವಿ ಬಯಲಿನ ಕಡೆಗೇ ಇತ್ತು. ನನ್ನನ್ನು ಇನ್ನೂ ಯಾರೂ ಕರೆದಿಲ್ಲ ಅನ್ನಿಸಿ ಅಲ್ಲೇ ನಿಂತಿದ್ದೆ.